ಸುಧಾರಾಣಿ ಹೇಳದೆ ಬಿಟ್ಟ ನಾಲ್ಕನೇ ಪುಸ್ತಕ

ತಿಕೋಟಾದ ಸುಧಾರಾಣಿ ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು. ಬಿಡುವ ವರ್ಷ ತರಗತಿಗೆ ಅವಳೇ ಮೊದಲು, ಗೆಳತಿ ವಂದನಾ ಎರಡನೆಯವಳು. ಅವ್ವ ಹಾಸಿಗೆ ಹಿಡಿದಳೆಂದು ಸುಧಾರಾಣಿ ಮನೆಯಲ್ಲಿ ಉಳಿದಳು. ಪೋಸ್ಟಿನಲ್ಲಿದ್ದ ಅಪ್ಪನಿಗೆ ವಿಜಯಪುರಕ್ಕೆ ವರ್ಗವಾಯಿತೆಂದು ವಂದನಾ ಊರು ಬಿಟ್ಟಳು. ಮುಂದೆ ಬಿ.ಎಡ್. ಮಾಡಿ ಬಬಲೇಶ್ವರದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಶಿಕ್ಷಕಿಯಾದಳು. ಸುಧಾರಾಣಿ ಟೆಂಪೋ ಓಡಿಸುವ ಶ್ರೀಮಂತ ಎಂಬುವವನನ್ನು ಮದುವೆಯಾದಳು. ಇಪ್ಪತ್ತು ಬೇಸಿಗೆ ಒಣದ್ರಾಕ್ಷಿಯ ಶೆಡ್ಡಿನಲ್ಲಿ ಕೂತು ಕಾಳು ಆರಿಸಿದಳು. ಹಸಿರು ಒಂದು ಕಡೆ, ಹಳದಿ ಒಂದು ಕಡೆ, ಕಪ್ಪಾದದ್ದು ಮತ್ತೊಂದು ಕಡೆ.

ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟಿರಲಿಲ್ಲ. ತಿಂಗಳಿಗೊಮ್ಮೆ ಫೋನು, ವರ್ಷಕ್ಕೆರಡು ಸಲ ಭೇಟಿ. ಮಾತು ಹೆಚ್ಚಾಗಿ ಸುಧಾರಾಣಿಯದೇ. ಸಂತೆಯಲ್ಲಿ ಒಬ್ಬ ಬದನೆಕಾಯಿ ಮಾರಿದ್ದನ್ನು ಅವಳು ಅರ್ಧ ತಾಸು ಹೇಳಬಲ್ಲವಳಾಗಿದ್ದಳು. ವಂದನಾ ಉತ್ತರಪತ್ರಿಕೆ ತಿದ್ದುತ್ತ, ಹೂಂ ಅನ್ನುತ್ತ ಕೇಳುತ್ತಿದ್ದಳು.

2024ರ ಬೇಸಿಗೆಯಲ್ಲಿ ಶೆಡ್ಡಿಗೆ ಆ ಪುಸ್ತಕಗಳು ಬಂದವು. ಆರಿಸುವ ಜಾಗದಲ್ಲಿ ಹಾಸಲೆಂದು ಮಾಲೀಕರು ವಿಜಯಪುರದಿಂದ ರದ್ದಿ ತರಿಸಿದ್ದರು. ಆ ಗಂಟಿನೊಳಗೆ ನಾಲ್ಕು ಇಂಗ್ಲಿಷ್ ಕಾಮಿಕ್ಸ್ ಇದ್ದವು. ರಟ್ಟು ಹರಿದಿತ್ತು, ಬಣ್ಣ ಮಾಸಿರಲಿಲ್ಲ. ನೀಲಿ ಬಟ್ಟೆಯ ಹೆಂಗಸೊಬ್ಬಳು ಹಾರುತ್ತಾಳೆ, ಗೋಡೆ ಒಡೆಯುತ್ತಾಳೆ, ದುಂಡನೆಯ ಬಾಗಿಲೊಂದನ್ನು ದಾಟಿ ಗಾಜಿನ ಊರಿಗೆ ಹೋಗುತ್ತಾಳೆ. ಅಲ್ಲಿ ಹದಿನಾರು ಹದಿನೇಳರ ಹುಡುಗ ಹುಡುಗಿಯರ ಒಂದು ತಂಡ. ಅಂಗೈಯಿಂದ ಬೆಳಕು ಎಸೆಯುವವನೊಬ್ಬ, ಗೋಡೆಯೊಳಗಿಂದ ನಡೆದುಹೋಗುವವಳೊಬ್ಬಳು, ಹಸಿರು ಮುಖದವನೊಬ್ಬ. ಚಿತ್ರದ ಮೂಲೆಯಲ್ಲಿ 3019 ಎಂದು ಬರೆದಿತ್ತು. ಅಂಕಿಗಳು ಸುಧಾರಾಣಿಗೆ ಬರುತ್ತಿದ್ದವು. ಸಾವಿರ ವರ್ಷದ ಆಚೆಗಿನ ಊರು ಎಂದು ಅವಳು ತಿಳಿದುಕೊಂಡಳು. ಇಂಗ್ಲಿಷ್ ಓದಲು ಬಾರದ್ದರಿಂದ ಮಿಕ್ಕದ್ದನ್ನು ಚಿತ್ರ ನೋಡಿ ಕಟ್ಟಿದಳು.

ಆ ಹೆಂಗಸಿಗೆ ನೀಲವ್ವ ಎಂದು ಹೆಸರಿಟ್ಟಳು. ಸಾವಿರ ವರ್ಷದ ಮೇಲೆ ಮಕ್ಕಳಿಗೆ ಎಲ್ಲ ವಿದ್ಯೆಯೂ ಬರುತ್ತದೆ, ಜಗಳ ಬಿಡಿಸುವುದೊಂದು ಬರುವುದಿಲ್ಲ. ಅದಕ್ಕೆ ಅವರು ಹಿಂದಿನ ಕಾಲಕ್ಕೆ ಬಂದು ನೀಲವ್ವನನ್ನು ಕರೆದೊಯ್ಯುತ್ತಾರೆ. ಹೀಗೆ ಅವಳ ಕಥೆ. ದಿನಕ್ಕೆ ಎರಡೇ ಪುಟ. ಓದುವವಳಂತೆ ಅಕ್ಷರಗಳ ಕೆಳಗೆ ಬೆರಳಾಡಿಸುತ್ತ, ಜೊತೆಗೆ ಕಾಳು ಆರಿಸುವ ಹೆಂಗಸರಿಗೆ ಹೇಳುತ್ತಿದ್ದಳು. ಇಂಗ್ಲಿಷ್ ಓದಲು ಯಾರು ಕಲಿಸಿದರೆಂದು ಕೇಳಿದರೆ, ನನ್ನ ಗೆಳತಿ, ಹೈಸ್ಕೂಲಿನ ವಂದನಾ ಅಕ್ಕೋರು ಅನ್ನುತ್ತಿದ್ದಳು.

ಮಾರ್ಚ್ ಮೊದಲ ವಾರ ಅವಳೇ ಫೋನು ಮಾಡಿದಳು. "ಶನಿವಾರ ಸಾಲಿ ಬಿಟ್ಟ ಮ್ಯಾಲ ಜೀಪ್ ಹತ್ತಿ ಬಾ ಬೇ. ನಾ ಏನ ಮಾಡಾಕತ್ತೇನಿ ನೋಡೀಯಂತ. ನೀ ಸುಮ್ನ ಕೂಡಬೇಕು, ಅಷ್ಟ."

ವಂದನಾ ಹೋದಳು. ಹತ್ತು ಹನ್ನೆರಡು ಹೆಂಗಸರು ಕಾಳಿನ ರಾಶಿಯ ಸುತ್ತ ಕೂತಿದ್ದರು. ಕೈ ನಿಂತಿರಲಿಲ್ಲ, ಕಿವಿ ಮಾತ್ರ ಸುಧಾರಾಣಿಯ ಕಡೆಗಿತ್ತು. ಮೂರನೇ ಪುಸ್ತಕ ಮುಗಿಯಲು ಬಂದಿತ್ತು. ನೀಲವ್ವ ಎತ್ತರದ ಪೀಠದ ಮೇಲೆ ನಿಂತಿದ್ದಳು. ತಂಡದ ಹುಡುಗರು ಅವಳ ನಡುವಿಗೆ ಬೆಳ್ಳಿಯಂಥದ್ದೊಂದು ಪಟ್ಟಿ ಬಿಗಿಯುತ್ತಿದ್ದರು.

"ನೋಡ್ರಿಲ್ಲಿ, ನೀಲವ್ವಗ ಆಯೇರಿ ಮಾಡಾಕತ್ತಾರ. ಬೆಳ್ಳಿ ಡಾಬು," ಎಂದಳು ಸುಧಾರಾಣಿ. "ಅಷ್ಟ ದೂರದಿಂದ ಬಂದಾಕಿನ್ನ ಬರಿಗೈಲೆ ಕಳಸ್ತಾರೇನು?"

"ನಮ್ಮ ಮಾಲಕರು ಕಳಸ್ತಾರಲ್ಲ," ಎಂದಳು ರಾಶಿಯ ಆಚೆ ಕೂತಿದ್ದ ತಬಸ್ಸುಮ. ಎಲ್ಲರೂ ನಕ್ಕರು.

ಎಲ್ಲರಿಗಿಂತ ಹಿರಿಯಳಾದ ಸಕ್ರವ್ವ ಬಗ್ಗಿ ಚಿತ್ರ ನೋಡಿದಳು. "ಎಷ್ಟ ತೊಲಿದು ಇದ್ದೀತ ಬೇ ಡಾಬು?"

"ಸಾವಿರ ವರ್ಷ ಮುಂದಿನ ತೊಲಿ, ಆಯಿ. ಅದರ ಲೆಕ್ಕ ನನಗ ಬರಾಂಗಿಲ್ಲ."

ವಂದನಾ ಕೂಡ ನಕ್ಕಳು. ನಗುತ್ತಲೇ ಅವಳೊಳಗೆ ಏನೋ ಚುಚ್ಚಿತು. ಅವಳ ತರಗತಿಯ ಐವತ್ತು ಮಕ್ಕಳಲ್ಲಿ ಒಬ್ಬರೂ ಅವಳ ಪಾಠವನ್ನು ಹೀಗೆ ಕೇಳಿದ್ದಿಲ್ಲ. ಆಗ ಅವಳು ಅದನ್ನು ಹೊಟ್ಟೆಕಿಚ್ಚು ಅಂದುಕೊಳ್ಳಲಿಲ್ಲ. ತಪ್ಪು ಕಂಡರೆ ತಿದ್ದುವುದು ತನ್ನ ಕೆಲಸ ಅಂದುಕೊಂಡಳು. ಕೈಚಾಚಿ ಪುಸ್ತಕ ತೆಗೆದುಕೊಂಡು ಓದಿದಳು.

"ಹಂಗಿಲ್ಲ, ಸುಧಾ. ಇದು ಡಾಬು ಅಲ್ಲ. ಆಕಿ ಶಕ್ತಿ ಕಸಗೊಳ್ಳೂ ಪಟ್ಟಿ. ಆಕಿನ್ನ ಕೈದಿ ಮಾಡಿ ತಂದಾರ. ಈ ಊರು ಹಾಳಾಗಿದ್ದು ಆಕಿಯಿಂದನ ಅಂತ ಅವರ ಇತಿಹಾಸದಾಗ ಬರದೈತಿ. ಅದಕ್ಕ ವಿಚಾರಣೆ ನಡದೈತಿ. ಇದು ಪೀಠ ಅಲ್ಲ, ಕಟಕಟೆ."

ತಬಸ್ಸುಮ, "ಯಕ್ಕಾ, ಕೈದಿಗೆ ಡಾಬು ಹಾಕಿಸಿದಿಯಲ್ಲ," ಎಂದಳು. ಹೆಂಗಸರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಸುಧಾರಾಣಿಯೂ ನಕ್ಕಳು. ಅಕ್ಷರದ ಕೆಳಗೆ ಆಡಿಸುತ್ತಿದ್ದ ಬೆರಳನ್ನು ಸೀರೆಗೆ ಒರೆಸಿಕೊಂಡಳು.

"ಹಂಗಾದ್ರ ನಾಕನೇದು ನೀನ ಓದು ವಂದನಾ," ಎಂದಳು. "ನಾ ಸುಳ್ಳಪಳ್ಳ ಹೇಳೋದು ಬ್ಯಾಡ."

"ಮುಂದಿನ ಶನಿವಾರ ಬರ್ತೇನಿ," ಎಂದಳು ವಂದನಾ.

ಮುಂದಿನ ಶನಿವಾರ ತರಬೇತಿ ಇತ್ತು. ಅದರ ಮುಂದಿನ ಶನಿವಾರ ಪರೀಕ್ಷೆಯ ತಯಾರಿ. ಏಪ್ರಿಲ್ಲಿನಲ್ಲಿ ಮೌಲ್ಯಮಾಪನ. ಆಮೇಲೆ ಮೈದುನನ ಮಗಳ ಲಗ್ನ. ಇವೆಲ್ಲ ನಿಜವೇ. ನಡುವೆ ಎರಡು ಶನಿವಾರ ಏನೂ ಇರಲಿಲ್ಲ ಎಂಬುದೂ ನಿಜ. ಒಂದು ಶನಿವಾರ ಅವಳು ವಿಜಯಪುರದ ಮನೆಯಲ್ಲಿ ಮಲಗಿ ನಿದ್ದೆ ಮಾಡಿದಳು. ಇನ್ನೊಂದು ಶನಿವಾರ ತಿಕೋಟಾದ ಬಸ್ಸು ಮುಂದೆಯೇ ನಿಂತಿದ್ದರೂ ಹತ್ತಲಿಲ್ಲ. ಮಕ್ಕಳ ಚಿತ್ರದ ಪುಸ್ತಕ ಓದಲು ಅಷ್ಟು ದೂರ ಹೋಗುವುದೇ ಅನ್ನಿಸಿತ್ತು.

ಸುಧಾರಾಣಿ ಎರಡು ಸಲ ಕೇಳಿದಳು. ಒಮ್ಮೆ, "ನಾಕನೇ ಪುಸ್ತಕ ಹಂಗ ಐತಿ ಬೇ." ಇನ್ನೊಮ್ಮೆ, "ಸೀಜನ್ ಮುಗೀತು. ಇರ್ಲಿ, ಬರೂ ಬ್ಯಾಸಗಿಗೆ ಓದೀಯಂತ." ದೂರಿನ ದನಿ ಇರಲಿಲ್ಲ. ಇದ್ದಿದ್ದರೆ ವಂದನಾಳಿಗೆ ಈಗ ಸ್ವಲ್ಪ ಹಗುರಾಗುತ್ತಿತ್ತು.

ಆಗಸ್ಟಿನಲ್ಲಿ ನೀರು ತುಂಬಿದ ಕೊಡ ಎತ್ತುವಾಗ ಸುಧಾರಾಣಿ ಕುಸಿದಳು. ಮಿದುಳಿನಲ್ಲಿ ನರ ಒಡೆದಿದೆ ಎಂದರು. ವಿಜಯಪುರದ ಆಸ್ಪತ್ರೆಯಲ್ಲಿ ಮೂರನೇ ದಿನ ತೀರಿಹೋದಳು. ನಲವತ್ತಾರು ವಯಸ್ಸು. ಮೂರೂ ದಿನ ವಂದನಾ ಬಾಗಿಲಲ್ಲಿ ಇದ್ದಳು. ಒಳಗಿದ್ದವಳಿಗೆ ಎಚ್ಚರವಿರಲಿಲ್ಲ.

ದಿನಕರ್ಮ ಮುಗಿದ ಮೇಲೆ ಅವಳ ಗಂಡ ಶ್ರೀಮಂತ ಒಂದು ಕೈಚೀಲ ತಂದು ಕೊಟ್ಟ. ನಾಲ್ಕೂ ಪುಸ್ತಕ ಅದರಲ್ಲಿದ್ದವು. ಹರಿದ ಅಂಚಿಗೆ ಶೆಡ್ಡಿನ ಡಬ್ಬಿಗೆ ಹಚ್ಚುವ ಕಂದು ಟೇಪು ಅಂಟಿಸಿತ್ತು.

"ಇವು ನಿಮ್ಮವಂತ್ರಿ ಅಕ್ಕೋರ," ಎಂದ ಅವನು. "ಯಾರಿಗೂ ಮುಟ್ಟಾಕ ಬಿಡ್ತಿರಲಿಲ್ಲ."

ವಂದನಾ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ನಾಲ್ಕನೆಯದನ್ನು ಓದಿದಳು. ಇಪ್ಪತ್ತು ನಿಮಿಷ ಸಾಕಾಯಿತು. ಹಸಿರು ಮುಖದ ಹುಡುಗ ಹಳೆಯ ದಾಖಲೆಗಳನ್ನು ತೆಗೆದು, ಊರು ಹಾಳು ಮಾಡಿದವರು ಬೇರೆಯವರು, ಇತಿಹಾಸವೇ ತಪ್ಪು ಎಂದು ತೋರಿಸುತ್ತಾನೆ. ತಂಡದವರು ತಲೆ ತಗ್ಗಿಸಿ ನಿಲ್ಲುತ್ತಾರೆ. ನೀಲಿ ಬಟ್ಟೆಯವಳು ಮನೆಗೆ ಹೊರಟು ದುಂಡನೆಯ ಬಾಗಿಲಿಗೆ ಬಂದರೆ ಬಾಗಿಲು ಮುಚ್ಚಿದೆ. ಮುಂದಿನದು ಮುಂದಿನ ಸಂಚಿಕೆಯಲ್ಲಿ ಎಂದು ಮುಗಿದಿತ್ತು. ಆ ಸಂಚಿಕೆ ಗಂಟಿನಲ್ಲಿ ಇರಲಿಲ್ಲ.

ಆ ಚಳಿಗಾಲವಿಡೀ ವಂದನಾ ಒಂದು ಸುಳ್ಳನ್ನು ಸಿದ್ಧಮಾಡಿಕೊಂಡಳು. ತಾನು ಅವತ್ತು ಅವಸರದಲ್ಲಿ ತಪ್ಪು ಓದಿದೆ, ಅದು ಡಾಬೇ, ಸುಧಾರಾಣಿ ಹೇಳಿದ್ದೇ ಸರಿ. ಇಷ್ಟನ್ನು ಆ ಹೆಂಗಸರ ಮುಂದೆ ಹೇಳಿಬಿಡಬೇಕು. ಸತ್ತವಳಿಗೆ ಓದು ಬರುತ್ತದೆಂಬ ಅವಳ ಹೆಸರನ್ನಾದರೂ ತಿರುಗಿ ಕೊಡಬೇಕು.

ಫೆಬ್ರುವರಿಯಲ್ಲಿ ಶೆಡ್ಡು ಶುರುವಾದ ಮೊದಲ ಶನಿವಾರ ಕೈಚೀಲ ಹಿಡಿದು ಹೋದಳು. ಜಾಗ ಮಾಡಿ ಕೂಡಿಸಿದರು, ಚಹಾ ಕೊಟ್ಟರು. ಅವಳು ಕಲಿತುಕೊಂಡು ಬಂದದ್ದನ್ನು ಒಂದೇ ಉಸಿರಿಗೆ ಹೇಳಿದಳು.

ಸಕ್ರವ್ವ ಕಾಳು ಆರಿಸುವುದನ್ನು ನಿಲ್ಲಿಸಲಿಲ್ಲ. "ಯಾಕ ಸುಳ್ಳ ಹೇಳ್ತೀರಿ ಅಕ್ಕೋರ," ಎಂದಳು ಮೆತ್ತಗೆ. "ಆಕಿಗೆ ಇಂಗ್ಲಿಷ್ ಬರಾಂಗಿಲ್ಲ ಅಂತ ನಮಗ ಮೊದಲನೇ ದಿನಾನ ಗೊತ್ತಿತ್ತು."

"ಗೊತ್ತಿತ್ತಾ?"

"ಚಿತ್ರ ನಮಗ ಕಾಣಲಂತ ಪುಸ್ತಕ ತಲಿಕೆಳಗ ಹಿಡಿದಾಗೂ ಓದ್ತಿದ್ಲ್ರಿ," ಎಂದಳು ತಬಸ್ಸುಮ. ಅವಳ ಮುಖದಲ್ಲಿ ಒಂದು ನಗೆ ಬಂದು ಹೋಯಿತು. "ಗೊತ್ತಿದ್ದನ ಕೇಳ್ತಿದ್ವಿ. ಚಲೋ ಇರ್ತಿತ್ತು. ನೀವು ಹೇಳಿದ ಮ್ಯಾಲ ನಗಲಾರದ ಇರಾಕ ಆಗಲಿಲ್ಲ. ನಾ ಅಷ್ಟ ನಗಬಾರದಿತ್ತು."

"ನಾನೂ ನಕ್ಕೆ," ಎಂದಳು ಸಕ್ರವ್ವ.

ವಂದನಾ ಚಹಾದ ಕಪ್ಪನ್ನು ಕೆಳಗಿಟ್ಟಳು. ಅವಳು ತಿದ್ದಿದ ತಪ್ಪು ಅಲ್ಲಿ ಯಾರಿಗೂ ತಪ್ಪಾಗಿರಲಿಲ್ಲ. ತನಗೆ ಓದು ಬಾರದೆಂಬುದು ಸುಧಾರಾಣಿಗೊಬ್ಬಳಿಗೆ ಗುಟ್ಟಾಗಿತ್ತು. ಅವಳಿಂದ ಅದನ್ನು ಕಿತ್ತುಕೊಂಡವಳು, ಅವಳೇ ಕರೆದು ಪಕ್ಕದಲ್ಲಿ ಕೂಡಿಸಿಕೊಂಡ ಗೆಳತಿ.

"ಆಮ್ಯಾಲ ನಾವು ಎಷ್ಟ ಬೇಡಿಕೊಂಡ್ವಿ," ಎಂದಳು ತಬಸ್ಸುಮ. "ಡಾಬು ಇರ್ಲಿ ಬೇಡಿ ಇರ್ಲಿ, ನೀ ಹೇಳ ಯಕ್ಕಾ ಅಂದ್ವಿ. ಒಲ್ಲೆ ಅಂದ್ಲು. ವಂದನಾ ಬರ್ತಾಳ, ಖರೇದು ಓದ್ತಾಳ ಅಂದ್ಲು. ಶನಿವಾರ ಬಂತಂದ್ರ ಆ ಚೀಲ ತರ್ತಿದ್ಲು. ನಾಕ ಗಂಟಿ ಜೀಪಿನ ತನಕ ನಿಮ್ಮ ದಾರಿ ನೋಡಿ ವಾಪಸ ಒಯ್ತಿದ್ಲು."

"ಎಷ್ಟ ಶನಿವಾರ?" ವಂದನಾ ಕೇಳಿದಳು.

"ಸೀಜನ್ ಮುಗಿಯೂ ತನಕ್ರಿ."

ವಂದನಾ ಚೀಲದಿಂದ ನಾಲ್ಕನೇ ಪುಸ್ತಕ ತೆಗೆದಳು. ಓದಿ ಹೇಳುತ್ತೇನೆ ಎಂದಳು. ಸಕ್ರವ್ವ ಬೇಡವೆಂದು ತಲೆಯಾಡಿಸಿದಳು.

"ಅದರಾಗಿಂದು ಬ್ಯಾಡ್ರಿ. ಸುಧಾ ಇದ್ದಿದ್ರ ಹೆಂಗ ಹೇಳ್ತಿದ್ಲು, ಹಂಗ ಹೇಳ್ರಿ. ಸಣ್ಣಾಕಿದ್ದಾಗಿಂದ ಆಕಿ ಮಾತ ಕೇಳಿದವ್ರು ನೀವು. ನಿಮಗ ಗೊತ್ತಿರ್ತೈತಿ. ನೀಲವ್ವ ತಿರುಗಿ ಮನಿಗೆ ಬಂದ್ಲೇನ್ರಿ?"

ಹೆಂಗಸರೆಲ್ಲ ಅವಳತ್ತ ನೋಡಿದರು. ಅವರ ನೋಟದಲ್ಲಿ ಸಿಟ್ಟಿರಲಿಲ್ಲ, ಬರಿಯ ಕುತೂಹಲ. ವಂದನಾ ಎಲ್ಲರಿಗೂ ಕಾಣುವಂತೆ ಕೊನೆಯ ಪುಟ ತೆರೆದಳು. ಮುಚ್ಚಿದ ಬಾಗಿಲು, ಅದರ ಮುಂದೆ ನೀಲಿ ಬಟ್ಟೆಯವಳ ಬೆನ್ನು. ಸುಧಾರಾಣಿ ಇದನ್ನು ನೋಡಿ ಏನು ಹೇಳುತ್ತಿದ್ದಳು? ಎಷ್ಟೋ ವರ್ಷ ಫೋನಿನಲ್ಲಿ ಕೇಳಿದ ದನಿ. ನೆನಪಿಗೆ ಬಂದದ್ದು ತನ್ನದೇ ಹೂಂ ಮಾತ್ರ. ಬದನೆಕಾಯಿಯ ಕಥೆ ಎಲ್ಲಿಗೆ ಮುಗಿಯಿತೆಂಬುದೂ ಅವಳಿಗೆ ಗೊತ್ತಿರಲಿಲ್ಲ.

"ನನಗ ಗೊತ್ತಿಲ್ರಿ," ಎಂದಳು.

ಸಕ್ರವ್ವ ತಬಸ್ಸುಮಳ ಕಡೆ ತಿರುಗಿ, ಬಂದಿರಬೇಕು, ಮನೆಯಲ್ಲಿ ಮಂದಿ ಇಲ್ಲವೇ ಅವಳಿಗೆ ಎಂದಳು. ಬಾಗಿಲು ಮುಚ್ಚಿದರೆ ಹೇಗೆ ಬರುತ್ತಾಳೆ, ಆ ಗೋಡೆ ದಾಟುವ ಹುಡುಗಿಯ ಕೈಹಿಡಿದು ಬಂದಿರಬೇಕು ಎಂದಳು ತಬಸ್ಸುಮ. ಇಲ್ಲ, ಆ ಮಕ್ಕಳೇ ಅವಳನ್ನು ಬಿಟ್ಟಿರಲಿಕ್ಕಿಲ್ಲ ಎಂದು ಆಚೆಯಿಂದ ಇನ್ನೊಬ್ಬಳು ಅಂದಳು. ಮಾತು ರಾಶಿಯ ಸುತ್ತ ಹರಿದಾಡಿತು. ವಂದನಾ ಪುಸ್ತಕ ಮಡಿಲಲ್ಲಿಟ್ಟುಕೊಂಡು ನಾಲ್ಕು ಗಂಟೆಯ ಜೀಪು ಬರುವ ತನಕ ಕೇಳುತ್ತ ಕೂತಳು. ಅವಳನ್ನು ಮತ್ತೆ ಯಾರೂ ಏನೂ ಕೇಳಲಿಲ್ಲ.