ಅರ್ಧ ಪೆಟ್ಟಿಗೆ ತರಕಾರಿ

ಗಿರಾಕಿಗಳು ಬೆನ್ನ ಹಿಂದೆ ಅವಳನ್ನು ತಕ್ಕಡಿ ಎನ್ನುತ್ತಿದ್ದರು. ಹಳೇ ಬಟ್ಟೆಗಳನ್ನು ಬಿಗಿ, ಸಡಿಲ ಮಾಡಿಕೊಡುವ ಅಂಗಡಿ ಅವಳದು. ಎರಡು ತೋಳುಗಳ ನಡುವೆ ನೂಲೆಳೆಯಷ್ಟು ಹೆಚ್ಚುಕಮ್ಮಿ ಕಂಡರೂ ಬಿಚ್ಚಿ ಮತ್ತೆ ಹೊಲಿಯುವವಳು. ಮದುವೆಯ ಗೋಜಿಗೆ ಹೋಗಲಿಲ್ಲ. ಯಾರ ಮನೆಗೂ ಹೋಗುವವಳಲ್ಲ, ಯಾರನ್ನೂ ಬಾ ಎನ್ನುವವಳೂ ಅಲ್ಲ. ಬಿಗುಮಾನವೆಂದರೆ ಅವಳಪ್ಪನಾಣೆ ಬಿಗುಮಾನ.

ತಪ್ಪದೆ ಬರುತ್ತಿದ್ದವಳು ತಂಗಿ ಒಬ್ಬಳೇ. ಅದಕ್ಕೂ ಒಂದು ನೆಪ ಬೇಕಿತ್ತು. ಊರಾಚೆಯ ತೋಟವೊಂದು ಬಿತ್ತನೆಗೆ ಮೊದಲೇ ಹಣ ಕಟ್ಟಿಸಿಕೊಂಡು ಪಾಲುದಾರರನ್ನು ಸೇರಿಸಿಕೊಂಡು, ಬೆಳೆ ಬಂದಮೇಲೆ ಶನಿವಾರಕ್ಕೊಂದು ಪೆಟ್ಟಿಗೆ ತರಕಾರಿ ಕಳಿಸುತ್ತಿತ್ತು. ಇದು ಬೇಕು, ಅದು ಬೇಡ ಎನ್ನುವ ಹಾಗಿಲ್ಲ. ಸೋರೆಕಾಯಿ ಕಾಲದಲ್ಲಿ ಸೋರೆಕಾಯಿಯೇ ಗತಿ. ಅಕ್ಕ ಅದಕ್ಕೆ ಸೇರಿದ್ದಳು; ಅವಳೊಬ್ಬಳಿಗೆ ಒಂದು ಪೆಟ್ಟಿಗೆ ಹೆಚ್ಚಾಗುತ್ತದೆಂದು ತಂಗಿ ಅರ್ಧ ಪಾಲಿಗೆ ಸೇರಿಕೊಂಡಳು. ಅಕ್ಕ ಭಾಗ ಮಾಡಬೇಕು, ತಂಗಿ ಮೊದಲು ಆರಿಸಬೇಕು. ಚಿಕ್ಕಂದಿನಲ್ಲಿ ಜಗಳ ತಪ್ಪಿಸಲು ತಾಯಿ ಮಾಡಿದ್ದ ಕಟ್ಟಳೆ ಅದು. ಅಕ್ಕ ಬೀನ್ಸನ್ನೂ ಎಣಿಸಿ ಹಾಕುವಳು. "ಅಯ್ಯೋ, ಇದೇನು ಆಸ್ತಿ ಪಾಲಾಗ್ತಿದ್ಯೇನೆ?" ಎಂದು ತಂಗಿ ನಗುವಳು. ಆರಿಸಿ ಮುಗಿದರೂ ಏಳದೆ ಕತ್ತಲಾಗುವ ತನಕ ಹರಟುವಳು.

ಹೋದ ವರ್ಷ ಜ್ವರವೊಂದು ಆ ತಂಗಿಯನ್ನು ವಾರದೊಳಗೆ ಕೊಂಡೊಯ್ದಿತು. ಮುಂದಿನ ಶನಿವಾರ ಪೆಟ್ಟಿಗೆ ಬಂತು. ಕೈ ರೂಢಿಯಂತೆ ಎರಡು ಭಾಗ ಮಾಡಿತು. ತಲೆಯೆತ್ತಿದರೆ ಬಾಗಿಲಲ್ಲಿ ತಂಗಿಯ ಮಗಳು ಅಮ್ಮನ ಚೀಲ ಹಿಡಿದು ನಿಂತಿದ್ದಳು, ಎಂಟು ವರ್ಷದ ಮಗು. ಅಂದಿನಿಂದ ವಾರವಾರವೂ ಅವಳೇ ಬಂದಳು. ಜೀವಮಾನದಲ್ಲೇ ಮೊದಲ ಸಲ ತಕ್ಕಡಿ ಕಳ್ಳತೂಕ ಹಾಕಿತು: ಒಳ್ಳೆಯದೆಲ್ಲ ಒಂದೇ ಕಡೆ, ಮಗು ಅದನ್ನೇ ಎತ್ತಿಕೊಳ್ಳಲೆಂದು. ಸಡಿಲಾದ ಹಲ್ಲು, ಸಿಡುಕಿನ ಟೀಚರ್, ಬೆಂಚಿನ ಜಗಳ, ಎಲ್ಲವನ್ನೂ ಮಗು ವರದಿ ಮಾಡುತ್ತಿತ್ತು. ವಾರದ ಮಿಕ್ಕ ದಿನಗಳನ್ನು ಅವಳು ಆ ಮಾತುಗಳಿಗಾಗಿ ತಳ್ಳುತ್ತಿದ್ದಳು.

ತಂಗಿಯ ಗಂಡ ಮತ್ತೆ ಮದುವೆಯಾದ. ಬಂದವಳು ಒಳ್ಳೆಯವಳೇ, ಸುಳ್ಳೇಕೆ ಹೇಳಬೇಕು. ಒಂದು ಸಂಜೆ ಅವನು ಅಂಗಡಿಗೆ ಬಂದು ತಲೆ ಕೆರೆದುಕೊಂಡ.

"ಅಕ್ಕಾ, ಬರೋ ಬೆಳೆಯಿಂದ ನಮಗೆ ಪಾಲು ಬೇಡ. ಇವಳೇ ಕೆಲಸದಿಂದ ಬರ್ತಾ ತರಕಾರಿ ತಂದುಬಿಡ್ತಾಳೆ."

"ಕಾಲು ಭಾಗ ಆದ್ರೂ?"

"ಬೇಡ ಅಕ್ಕಾ."

ಆಯ್ತು ಎಂದಳು. ತರಕಾರಿ ಹಾಳಾಗಿ ಹೋಗಲಿ, ಮಗು ಇನ್ನು ಯಾಕೆ ಬಂದೀತು?

ಆ ಬೆಳೆಯ ಕೊನೆಯ ಶನಿವಾರ ಮಗು ಮುಖ ಊರಗಲ ಮಾಡಿಕೊಂಡು ಬಂತು.

"ದೊಡ್ಡಮ್ಮಾ, ಇನ್ಮೇಲೆ ಸೋರೆಕಾಯಿ ಇಲ್ಲ ಅಲ್ವಾ? ನಂಗೂ ಸೇರಲ್ಲ, ಅಪ್ಪಂಗೂ ಸೇರಲ್ಲ. ಅಮ್ಮಂಗಂತೂ ಇದ್ರಲ್ಲಿ ಯಾವ್ದೂ ಸೇರ್ತಿರ್ಲಿಲ್ಲ. ಚೀಲ ಹಾಗ್ಹಾಗೇ ಪಕ್ಕದ್ಮನೆಗೆ ಕೊಟ್ಬಿಡ್ತಿದ್ಲು."

"ಮತ್ತೆ ಯಾಕೆ ತಗೊಂಡು ಹೋಗ್ತಿದ್ಲು?"

"'ಇಲ್ದಿದ್ರೆ ನಿಮ್ಮ ದೊಡ್ಡಮ್ಮ ನನ್ನ ಬಾ ಅನ್ನೋಳಲ್ಲ' ಅಂತಿದ್ಲು ಅಮ್ಮ."

ಅವಳು ಮುಂದಿದ್ದ ಎರಡು ಪಾಲುಗಳನ್ನು ನೋಡಿದಳು. ಅಷ್ಟು ವರ್ಷ ಎಣಿಸಿದ ಬೀನ್ಸು! ಯಾರಿಗೂ ಆಡದ ಮಾತನ್ನು ಕಡೆಗೂ ಆಡಿದಳು.

"ಪುಟ್ಟೀ, ಮುಂದಿನ ಶನಿವಾರವೂ ಬಾ. ಸುಮ್ನೆ ಬಾ."

"ಸುಮ್ನೆ ಬಂದು ಏನ್ಮಾಡ್ಲಿ?"

ಮಗು ನಿಜಕ್ಕೂ ಕೇಳಿತ್ತು. ಅವಳು ಕೋಣೆಯ ಸುತ್ತ ನೋಡಿದಳು. ಹೊಲಿಗೆ ಯಂತ್ರ, ಒಂದು ಕುರ್ಚಿ, ಕಂಡವರ ಪ್ಯಾಂಟುಗಳ ರಾಶಿ. ಮಗುವಿಗೆ ತೋರಿಸಲು ಏನೂ ಇರಲಿಲ್ಲ. "ಅಪ್ಪನ್ನ ಕೇಳ್ತೀನಿ" ಎಂದು ಅದು ಮೆಟ್ಟಿಲಿಳಿದು ಓಡಿತು.

ಮುಂದಿನ ಶನಿವಾರ ಮಧ್ಯಾಹ್ನವೇ ಕೆಲಸ ನಿಲ್ಲಿಸಿ, ಬಾಗಿಲು ತೆರೆದಿಟ್ಟು ಕೂತಳು. ಮೆಟ್ಟಿಲ ಮೇಲೆ ಸದ್ದಾದಾಗಲೆಲ್ಲ ಎದ್ದು ನಿಂತಳು. ಬೀದಿ ದೀಪ ಹತ್ತಿದರೂ ಯಾರೂ ಬರಲಿಲ್ಲ.

"ಬಾಯ್ಬಿಟ್ಟು ಒಂದ್ಸಲ ನಿನ್ನ ಬಾ ಅನ್ನೋಕೆ ನಂಗೇನು ಧಾಡಿಯಾಗಿತ್ತೇ?" ಎಂದು ಸತ್ತ ತಂಗಿಯನ್ನು ಕೇಳುತ್ತಾ ಗೊಳೋ ಎಂದು ಅತ್ತಳು.