ಮಾದೂ ಕಾಕಾನ ಮಿಲಿಟರಿ ಗಾಡಿ

ಊರಿಗೆ ಯಾವ ಗಾಡಿ ಬಂತು ಎಂಬುದು ಸದ್ದಿನ ಮೇಲೆಯೇ ಗೊತ್ತಾಗುತ್ತಿದ್ದ ಕಾಲ ಅದು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕೃಷ್ಣೆಯ ದಂಡೆಯ ನಮ್ಮ ಜುಗೂಳದಲ್ಲಿ ಎತ್ತಿನ ಬಂಡಿಗಳೇ ಹೆಚ್ಚು. ಕಾಗವಾಡದಿಂದ ಬರುವ ಬಸ್ಸು, ಹಂಗಾಮಿನಲ್ಲಿ ಕಬ್ಬು ಒಯ್ಯುವ ಟ್ರ್ಯಾಕ್ಟರು, ಸ್ಥಿತಿವಂತರ ಮನೆಯ ಒಂದೆರಡು ಮೋಟರ್‌ಸೈಕಲ್ಲು, ಇಷ್ಟೇ. ಗೋಲಿ ಆಡುತ್ತಿದ್ದ ನಾವು ತಲೆ ಎತ್ತದೆಯೇ ಯಾವುದು ಬಂತೆಂದು ಹೇಳುತ್ತಿದ್ದೆವು. ಆದರೆ ಒಂದು ಸಂಜೆ ನಮ್ಮ ಅಂಗಳಕ್ಕೆ ಬಂದ ಗಾಡಿಗೆ ಸದ್ದೇ ಇರಲಿಲ್ಲ. ಅದನ್ನು ಎರಡು ಜೋಡಿ ಎತ್ತು ಹೂಡಿ ಎಳೆದು ತಂದಿದ್ದರು.

ತಂದವನು ನಮ್ಮಪ್ಪನ ತಮ್ಮ, ಮಾದೂ ಕಾಕಾ. ಗಾಡಿ ಹಳೆಯ ಮಿಲಿಟರಿ ಪಿಕಪ್ಪು. ಬೆಳಗಾವಿಯಲ್ಲಿ ಹರಾಜಾಗಿ, ಎಲ್ಲೆಲ್ಲೋ ಕೈ ಬದಲಿಸಿ, ಕೊನೆಗೆ ಯಾರದೋ ಹೊಲದ ಬದುವಿನಲ್ಲಿ ಮುಳ್ಳುಕಂಟಿಯ ನಡುವೆ ನಿಂತಿತ್ತಂತೆ. ಮೂತಿ ಗೂಳಿಯಂತೆ ದಪ್ಪ, ಕಣ್ಣಿನ ಗಾಜು ಒಡೆದಿತ್ತು, ಬಾಗಿಲಿರಲಿಲ್ಲ. ಹಿಂದಿನ ತೊಟ್ಟಿಯ ತಳ ತುಕ್ಕು ತಿಂದು ಜರಡಿಯಾಗಿತ್ತು.

ಅಪ್ಪ ಪಡಸಾಲೆಯಿಂದ ಇಳಿಯಲಿಲ್ಲ. ಅಲ್ಲಿಂದಲೇ ಕೇಳಿದ.

"ಇದು ಎತ್ತು ಎಳಿಯೋ ಗಾಡಿ ಏನೋ ಮಾದ್ಯಾ, ಇಲ್ಲ ಎತ್ತಿನ್ನ ಎಳಿಯೋ ಗಾಡಿ ಏನು?"

"ದ್ರಾಕ್ಷಿ ಎಳಿಯೋ ಗಾಡಿ ಅಣ್ಣಾ," ಅಂದ ಕಾಕಾ.

ನಮ್ಮದು ಕಬ್ಬು, ದ್ರಾಕ್ಷಿಯ ಹೊಲ. ಹೊಲದ ಕಾರಭಾರವೆಲ್ಲ ಅಪ್ಪನದು. ಕಾಕಾ ಸಣ್ಣವನಿದ್ದಾಗಲೇ ಲಾರಿಯ ಮೇಲೆ ಕ್ಲೀನರ್ ಆಗಿ ಹೋಗಿ, ಆಮೇಲೆ ಮಿರಜದ ಗ್ಯಾರೇಜೊಂದರಲ್ಲಿ ಕೆಲಸ ಕಲಿತು, ಅಜ್ಜ ತೀರಿಕೊಂಡ ಮೇಲೆ ಊರಿಗೆ ಬಂದವನು. ಹೊಲದಲ್ಲಿ ಅವನ ಕೈ ನಡೆಯುತ್ತಿರಲಿಲ್ಲ. ದ್ರಾಕ್ಷಿ ಬಳ್ಳಿಯ ಬೇಡದ ಕಡ್ಡಿ ಸವರುವ ಚಾಟ್ನಿ ಮಾಡಲು ಹೇಳಿದರೆ ಇರಬೇಕಾದ ಕಡ್ಡಿಯನ್ನೇ ಕತ್ತರಿಸುತ್ತಿದ್ದ. ಮನೆಯಲ್ಲಿ ಅವನು ಉಂಡು ತಿರುಗುವವನು ಎಂದೇ ಲೆಕ್ಕ. ಆದರೆ ಹೊಳೆಯ ದಂಡೆಯ ಯಾವ ಪಂಪಿನ ಇಂಜಿನ್ ನಿಂತರೂ ಅವನನ್ನೇ ಕರೆಯುತ್ತಿದ್ದರು. ಅವನು ಅಳತೆಯ ಪಟ್ಟಿ ಇಟ್ಟುಕೊಂಡವನಲ್ಲ. ನಟ್ಟು ನೋಡಿದ ಕೂಡಲೇ ಅದನ್ನು ತಿರುಗಿಸಲು ಯಾವ ಪಾನಾ ಎಂದು ಕೈ ಚಾಚುತ್ತಿದ್ದ, ಅದೇ ಕೂಡುತ್ತಿತ್ತು.

ಆಗ ದ್ರಾಕ್ಷಿ ಸಾಂಗಲಿ ಪೇಟೆಗೆ ಬಾಡಿಗೆ ಟೆಂಪೋದಲ್ಲಿ ಹೋಗುತ್ತಿತ್ತು. ಟೆಂಪೋದವನು ಬಂದಾಗ ಬಂದ. ಅವನ ದಾರಿ ಕಾಯುತ್ತ ಹಣ್ಣು ಬಿಸಿಲಿಗೆ ಬಾಡುತ್ತಿತ್ತು, ಕುಲುಕಾಟಕ್ಕೆ ಗೊನೆಯಿಂದ ಉದುರುತ್ತಿತ್ತು. ನಮ್ಮ ಗಾಡಿ ಆದರೆ ನಮ್ಮ ಹಣ್ಣಷ್ಟೇ ಅಲ್ಲ, ಇಡೀ ಓಣಿಯ ಹಣ್ಣು ಒಯ್ಯಬಹುದು, ಅದೇ ತನ್ನ ಉದ್ಯೋಗ ಎಂದು ಕಾಕಾ ಲೆಕ್ಕ ಹಾಕಿದ್ದ. ಅಪ್ಪ ಒಂದೇ ಮಾತು ಹೇಳಿದ.

"ದಸರಾಕ ಇದು ಅಂಗಳಾ ಬಿಟ್ಟ ತನ್ನ ಕಾಲಮ್ಯಾಲ ಹೊರಗ ಹೋಗಬೇಕು. ಇಲ್ಲಾಂದ್ರ ಮಿರಜದ ಹಳೇ ಕಬ್ಬಿಣಾ ಕೊಳ್ಳೋ ಭಂಗಾರದವನ ಕರಿಸಿ ತೂಕಕ್ಕ ಹಾಕತೇನಿ. ಆಮ್ಯಾಲ ನೀನೂ ಕುಡಗೋಲ ಹಿಡದ ಕಬ್ಬಿಗೆ ನಡಿ."

ಆ ಮಳೆಗಾಲವೆಲ್ಲ ನಮ್ಮ ಅಂಗಳವೇ ಗ್ಯಾರೇಜು. ನಾನು ಹೈಸ್ಕೂಲಿನ ಹುಡುಗ. ಸಾಲೆ ಬಿಟ್ಟ ಕೂಡಲೇ ಪಾಟಿಚೀಲ ಎಸೆದು ಗಾಡಿಯ ಕೆಳಗೆ ತೂರಿಕೊಳ್ಳುತ್ತಿದ್ದೆ. ತುಕ್ಕು, ಗ್ರೀಸು, ಚಿಮಣಿ ಎಣ್ಣೆ ಎನ್ನುವ ಸೀಮೆಎಣ್ಣೆ, ಪಕ್ಕದ ಗೋದಲಿಯಿಂದ ಬರುವ ಸೆಗಣಿಯ ವಾಸನೆ ಎಲ್ಲ ಕೂಡಿ ಒಂದು ವಾಸನೆ ಇತ್ತು. ಅವ್ವ ಅಲ್ಲಿಗೇ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ತಂದು ಕೊಡುತ್ತಿದ್ದಳು. ಕೈ ತೊಳೆದರೂ ರೊಟ್ಟಿಗೆ ಡೀಸೆಲ್ಲಿನ ರುಚಿ ಹೋಗುತ್ತಿರಲಿಲ್ಲ. ಸವೆದ ಬೇರಿಂಗಿನ ಗುಂಡುಗಳೆಲ್ಲ ನನಗೆ. ಅವುಗಳ ಮುಂದೆ ಯಾರ ಗೋಲಿಯೂ ನಿಲ್ಲುತ್ತಿರಲಿಲ್ಲವಾದ್ದರಿಂದ ಓಣಿಯ ಹುಡುಗರು ನನ್ನನ್ನು ಆಟದಿಂದ ಹೊರಗೆ ಹಾಕಿದ್ದರು.

ಗಾಡಿಯ ಪೆಟ್ರೋಲ್ ಇಂಜಿನ್ ಆನೆಯಂತೆ ಕುಡಿಯುವಂಥದ್ದು. ಕಾಕಾ ಅದನ್ನು ಬೇವಿನ ಕೊಂಬೆಗೆ ಸರಪಳಿ ಕಟ್ಟಿ ಎತ್ತಿ ತೆಗೆದ. ಪಲ್ಟಿಯಾದ ಟೆಂಪೋದ ಡೀಸೆಲ್ ಇಂಜಿನ್ನೊಂದನ್ನು ಕೊಲ್ಲಾಪುರದಿಂದ ತಂದು, ಚಾಸಿಯ ಮೇಲೆ ಹೊಸ ಕಾಲು ಬೆಸೆದು ಕೂಡಿಸಿದ. ತೊಟ್ಟಿಗೆ ಜಾಲಿಯ ಹಲಗೆ ಹಾಸಿದ. ಮಿಲಿಟರಿ ಗಾಡಿಯ ಪಾಟಾಗಳು, ಅಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಸ್ಪ್ರಿಂಗುಗಳು, ಬಹಳ ಬಿರುಸು. ಅವುಗಳಲ್ಲಿ ಕೆಲವನ್ನು ಕಳಚಿ ಹಗುರ ಮಾಡಿದ.

"ಇದು ಬಂದೂಕ ಹೊರಾಕ ಹುಟ್ಟಿದ್ದು, ನಾವು ಇದಕ್ಕ ಹಣ್ಣ ಹೊರಾಕ ಕಲಿಸಬೇಕು," ಎನ್ನುತ್ತಿದ್ದ.

ಈ ಮಧ್ಯೆ ನಮ್ಮ ಒಂದು ಕೋಳಿ ಡ್ರೈವರ್ ಸೀಟಿನ ಕೆಳಗೆ ಮೊಟ್ಟೆ ಇಡಲು ಶುರು ಮಾಡಿತ್ತು. ಹಾದಿಯಲ್ಲಿ ಹೋಗುವವರಿಗೆ ಅದೇ ನಗೆ.

"ಮಾದೂ, ಗಾಡಿ ಅಂತ ಹೇಳಿ ಕೋಳಿ ಸಾಕಾಕತ್ತಿ ಅಲ್ಲೋ?"

"ಹೌದೋ, ಅದಕ್ಕ ಲೈಸನ್ಸ್ ಮಾಡಸಾಕತ್ತೇನಿ. ನಿನ್ನ ಹುಂಜಾ ಕಳಸು, ಕ್ಲೀನರ್ ಮಾಡತೇನಿ."

ನವಮಿಗೆ ಇನ್ನೊಂದು ದಿನ ಇರುವಾಗ ಉಳಿದದ್ದು ಬ್ರೇಕ್ ಒಂದೇ. ಹಳೆಯ ರಬ್ಬರ್ ಬಟ್ಟಲುಗಳು ಸವೆದಿದ್ದವು. ಕಾಕಾ ಮಿರಜಕ್ಕೆ ಹೋಗಿ ಹೊಸವನ್ನು ಕಣ್ಣಳತೆಯಲ್ಲೇ ಆರಿಸಿ ತಂದ. ನನಗೆ ತೋರಿಸಿ ಹೇಳಿದ.

"ಕಾಲಿಲೆ ಒತ್ತಿದ್ದ ಜೋರು ಗಾಲಿಗೆ ಮುಟ್ಟೂದು ಇದರ ಮ್ಯಾಲ ನೋಡ. ಹಾಲ ಕುಡಿಯೋ ಕೂಸಿದ್ದಂಗ ಇದು. ಬ್ರೇಕಿನ ಎಣ್ಣಿ ಬಿಟ್ಟ ಬ್ಯಾರೆ ಎಣ್ಣಿ ತಾಗಿದ್ರ ಹೊಟ್ಟಿ ಉಬ್ಬತೈತಿ."

ಮಾರನೆಯ ದಿನ ಖಂಡೆನವಮಿ. ನಮ್ಮ ಕಡೆ ಅಂದು ಮನೆಯಲ್ಲಿರುವ ಕಬ್ಬಿಣವೆಲ್ಲ ದೇವರು. ಕುಡಗೋಲು, ಕೊಡಲಿ, ಕುರುಪಿ, ನೇಗಿಲ ಕುಳ, ಎಲ್ಲವನ್ನೂ ಚಿಮಣಿ ಎಣ್ಣೆಯಲ್ಲಿ ತೊಳೆದು, ಶೇಂಗಾ ಎಣ್ಣೆ ಸವರಿ ಮಿರುಗಿಸಿ, ಕಂಬಳಿಯ ಮೇಲಿಟ್ಟು ವಿಭೂತಿ, ಕುಂಕುಮ, ಚೆಂಡುಹೂವು ಏರಿಸುತ್ತಾರೆ. ಒಮ್ಮೆ ಪೂಜೆಗೆ ಕೂತ ಹತಾರವನ್ನು ದಸರೆಯ ಮುಂಜಾನೆ ಎತ್ತುವವರೆಗೆ ಯಾರೂ ಮುಟ್ಟುವಂತಿಲ್ಲ. ಕಾಕಾನ ಪಾನಾಗಳೂ ಕೂರಲೇಬೇಕು. ಬ್ರೇಕಿನ ಕೆಲಸ ದಸರೆಯ ಮುಂಜಾನೆಗೆ ಬಿತ್ತು. ಹತಾರ ತೊಳೆಯುವ ಕೆಲಸ ನನಗೆ ಹೇಳಿ ಕಾಕಾ ಟೈರಿಗೆ ಗಾಳಿ ತುಂಬಿಸಲು ಕಾಗವಾಡಕ್ಕೆ ಹೋದ.

ನಾನು ಭಕ್ತಿಯಿಂದಲೇ ತೊಳೆದೆ. ಎಲ್ಲ ಮುಗಿದ ಮೇಲೆ ಮೂಲೆಯಲ್ಲಿ ಅರಿವೆ ಮುಚ್ಚಿಟ್ಟ ಬ್ರೇಕಿನ ಸಾಮಾನು ಕಂಡಿತು. ಗಾಡಿಯ ಜೀವವೇ ಇದರಲ್ಲಿದೆಯೆಂದು ಕಾಕಾ ಹೇಳಿದ್ದನಲ್ಲ, ಇದಕ್ಕೆ ಪೂಜೆ ಬೇಡವೇ ಅನ್ನಿಸಿತು. ರಬ್ಬರಿನ ವಿಷಯ ಆ ಕ್ಷಣಕ್ಕೆ ನೆನಪಿಗೆ ಬರಲಿಲ್ಲ. ಕಬ್ಬಿಣದ ತುಂಡುಗಳ ಜೊತೆ ಆ ರಬ್ಬರ್ ಬಟ್ಟಲುಗಳನ್ನೂ ಚಿಮಣಿ ಎಣ್ಣೆಯ ಬೋಗುಣಿಗೆ ಹಾಕಿದೆ. ತೆಗೆದು, ಶೇಂಗಾ ಎಣ್ಣೆ ದಪ್ಪಗೆ ಸವರಿ, ಪಾನಾಗಳ ನಡುವೆ ಇಟ್ಟೆ. ಊದಿನಕಡ್ಡಿಯ ಹೊಗೆಯಲ್ಲಿ ಅವು ಕರಿ ದ್ರಾಕ್ಷಿಯಂತೆ ಹೊಳೆದವು. ಕಾಕಾ ಸಂಜೆ ಬಂದು ದೂರದಿಂದಲೇ ಕೈ ಮುಗಿದ.

ದಸರೆಯ ಮುಂಜಾನೆ ಹತಾರ ಎತ್ತಿದೆ. ರಬ್ಬರುಗಳು ಉಬ್ಬಿದ್ದವು. ಬೆರಳಿನಿಂದ ಒತ್ತಿದರೆ ನೆನೆದ ಕಡಲೆಯಂತೆ ಮೆತ್ತಗಾಗಿದ್ದವು. ಕಾಕಾನ ಮಾತು ಆಗ ನೆನಪಾಯಿತು.

ಹೇಳಿದ್ದರೆ ಅವನು ನನಗೆ ಬೈಯುತ್ತಲೂ ಇರಲಿಲ್ಲ. ಆದರೆ ಹಬ್ಬದ ದಿನ ಮಿರಜದ ಅಂಗಡಿ ತೆರೆದಿರುವುದಿಲ್ಲ. ಗಾಡಿ ಅಂದು ಹೊರಡುವುದಿಲ್ಲ. ಅಪ್ಪ ಮಾತಿಗೆ ತಪ್ಪುವವನಲ್ಲ, ಭಂಗಾರದವನು ಬರುತ್ತಾನೆ. ಜೊತೆಗೆ, ಮೊದಲ ಸವಾರಿಯಲ್ಲಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವೆನೆಂದು ಕಾಕಾ ಹೇಳಿದ್ದ. ಓಣಿಯ ಹುಡುಗರಿಗೆಲ್ಲ ಅದನ್ನು ಸಾರಿ ಆಗಿತ್ತು.

ಕಾಕಾ ಗಾಡಿಯ ಕೆಳಗೆ ಮಲಗಿ ಗಾಲಿಯ ಕಡೆಯ ಪೈಪು ಬಿಗಿಯುತ್ತಿದ್ದ. ಅಲ್ಲಿಂದಲೇ ಕೂಗಿದ.

"ಬಾಳ್ಯಾ, ರಬ್ಬರ ನೀನ ಕೂಡಸ್ತಿಯೇನೋ? ಬೆರಳ ಸಣ್ಣು ಅದಾವ ನಿನ್ನೂ."

"ಹೂಂ ಕಾಕಾ."

"ಸರಳ ಹೋಗತಾವೇನು?"

"ಸರಳ ಹೋದೂ."

ಸರಳ ಹೋಗಿರಲಿಲ್ಲ. ಹೆಬ್ಬೆರಳಿನಿಂದ ಒತ್ತಿ ಒತ್ತಿ ತುರುಕಿದ್ದೆ. ಒಂದರ ಅಂಚು ಮಡಚಿಕೊಂಡದ್ದು ಬೆರಳಿಗೆ ತಿಳಿದಿತ್ತು.

ಅಂಗಳದಲ್ಲಿ ಬ್ರೇಕ್ ಹಿಡಿಯಿತು. ಹೋಳಿಗೆಯ ಊಟವಾದ ಮೇಲೆ ಗಾಡಿಗೆ ಮಾವಿನ ತೋರಣ ಕಟ್ಟಿ, ಗಾಲಿಗೆ ನಿಂಬೆಹಣ್ಣಿಟ್ಟು ಹೊರಟೆವು. ಹೊಳೆಗೆ ಹೋಗಿ ಗಂಗೆಯ ನೀರು ಚಿಮುಕಿಸಿ ತಿರುಗಿ ಬರುವುದು, ಆಮೇಲೆ ಬನ್ನಿ ಕೊಡುವುದು ಎಂದಿತ್ತು. ಅಪ್ಪ ಬಾಗಿಲಲ್ಲಿ ನಿಂತು ನೋಡಿದ. ನಗಲಿಲ್ಲ, ಆದರೆ ರುಮಾಲು ಸರಿಮಾಡಿಕೊಂಡ. ಅಪ್ಪನಿಗೆ ಖುಷಿಯಾದರೆ ಅಷ್ಟೇ ತೋರುವುದು. ಕಾಕಾ ಅದನ್ನು ನೋಡಿದ.

"ನೋಡಿದ್ಯಾ ನಿಮ್ಮಪ್ಪನ?" ಅಂತ ನನಗೆ ಮೆಲ್ಲಗೆ ಹೇಳಿದ. "ಸುಗ್ಗ್ಯಾಗ ಸಾಂಗಲಿಗೆ ಇದ ಸೀಟಿನಾಗ ಕುಂಡರಿಸಿ ಕರಕೊಂಡ ಹೋಗತೇನಿ ಅವನ್ನ."

ಹೊಳೆಗೆ ಇಳಿಯುವ ಹಾದಿ ಇಳಿಜಾರು. ಅರ್ಧ ಇಳಿದಾಗ ಕಾಕಾನ ಕಾಲು ಒಮ್ಮೆಲೇ ಕೆಳಗೆ ಹೋದದ್ದು ಕಂಡೆ. ಅವನು ಮತ್ತೆ ಮತ್ತೆ ತುಳಿದ. ಕೈ ಬ್ರೇಕಿನ ತಂತಿ ಇನ್ನೂ ಸಿಕ್ಕಿರಲಿಲ್ಲ. ಕೆಳಗೆ ನೀರಿನ ಕೊಡ ಹೊತ್ತ ಹೆಂಗಸರು ಏರಿ ಬರುತ್ತಿದ್ದರು. ಕಾಕಾ ಒಂದು ಕೈಯಲ್ಲಿ ನನ್ನನ್ನು ಸೀಟಿಗೆ ಅದುಮಿ, ಇನ್ನೊಂದರಲ್ಲಿ ಸ್ಟೇರಿಂಗ್ ತಿರುವಿ, ದಂಡೆಯ ಹುಣಸೆಯ ಮರಕ್ಕೆ ತನ್ನ ಬದಿಯನ್ನೇ ಕೊಟ್ಟ.

ನನಗೆ ಹಣೆ ತರಚಿತು, ಅಷ್ಟೇ. ಕಾಕಾನ ಬಲ ಮೊಣಕಾಲು ಸ್ಟೇರಿಂಗಿನ ಕೆಳಗಿನ ತಗಡಿನಲ್ಲಿ ಸಿಕ್ಕಿಕೊಂಡಿತ್ತು. ಕಬ್ಬಿಣದ ಸಲಾಕೆ ಹಾಕಿ ಮೀಟಿ ತೆಗೆದರು. ಅವನನ್ನು ಬಂಡಿಯಲ್ಲಿ ಹಾಕಿ ಮಿರಜದ ದವಾಖಾನೆಗೆ ಒಯ್ದರು. ಆ ದಸರೆಯಲ್ಲಿ ನಮ್ಮ ಮನೆಯಲ್ಲಿ ಯಾರೂ ಬನ್ನಿ ಕೊಡಲಿಲ್ಲ.

ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದ ಮೇಲೆ ಕಾಕಾ ಬ್ರೇಕಿನ ಸಿಲಿಂಡರನ್ನು ಬಿಚ್ಚಿ ತರಲು ಹೇಳಿದ. ನಾನೇ ತಂದೆ. ಹೊರಸಿನ ಮೇಲೆ ಕೂತು, ಹರಿದ ರಬ್ಬರನ್ನು ಹೊರತೆಗೆದು, ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಅಪ್ಪ ಪಕ್ಕದಲ್ಲೇ ಕೂತಿದ್ದ.

"ಬಾಳ್ಯಾ, ಇದಕ್ಕ ಬ್ಯಾರೆ ಎಣ್ಣಿ ಏನರೆ ತಾಗಿತ್ತೇನೋ?"

"ಇಲ್ಲ ಕಾಕಾ."

ಅವನು ನನ್ನ ಮುಖ ನೋಡಿದ. ನನ್ನನ್ನು ಅವನು ಎಂದೂ ಸುಳ್ಳು ಹೇಳುವವನೆಂದು ತಿಳಿದಿರಲಿಲ್ಲ. ತಲೆ ಅಲ್ಲಾಡಿಸಿ ರಬ್ಬರನ್ನು ಕೆಳಗಿಟ್ಟ.

"ಹಂಗಾದ್ರ ನಾನ ದೊಡ್ಡ ಸೈಜಿಂದ ತಂದೇನಿ ಅಣ್ಣಾ. ಕಣ್ಣಳತಿ ತಪ್ಪಿತು. ನಿನ್ನ ಮಗನ್ನ ಕೊಂದೇ ಬಿಡತಿದ್ದೆ."

ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಮನ್ಯಾಗ ಕುಂತ ಮಾಡೋ ಕೆಲಸಲ್ಲೋ ಇದು," ಎಂದಷ್ಟೇ ಹೇಳಿ ಎದ್ದು ಹೋದ. ಕೆಲವು ದಿನಗಳಲ್ಲಿ ಭಂಗಾರದವನು ಬಂದು ಗಾಡಿಯನ್ನು ತುಂಡು ತುಂಡು ಮಾಡಿ ಒಯ್ದ. ಕಾಕಾ ಹೊರಸನ್ನು ಗೋಡೆಯ ಕಡೆ ತಿರುಗಿಸಿ ಹಾಕಿಸಿಕೊಂಡಿದ್ದ. ಸಪ್ಪಳವನ್ನಂತೂ ಅವನು ಕೇಳಲೇಬೇಕಾಗಿತ್ತು.

ಕಾಲು ಕೂಡಿತು, ಸ್ವಲ್ಪ ಕುಂಟು ಉಳಿಯಿತು. ಒಮ್ಮೆ ಬೇಸಿಗೆಯಲ್ಲಿ ಪಕ್ಕದ ಹೊಲದವರ ಇಂಜಿನ್ ನಿಂತು, ಬಳ್ಳಿ ಒಣಗುತ್ತದೆಂದು ಓಡಿ ಬಂದರು.

"ಮಾದಣ್ಣಾ, ಒಂದ ಸಲ ಬಂದ ನೋಡ್ರಿ."

"ನನಗ ತಿಳಿಯಂಗಿಲ್ಲೋ. ತಿಳಿದವರ್ನ ಕರೀರಿ."

ಅವರು ಚೇಷ್ಟೆ ಎಂದುಕೊಂಡು ನಕ್ಕರು. ಅವನು ನಗಲಿಲ್ಲ. ಆಮೇಲೆ ಯಾರೂ ಕರೆಯಲಿಲ್ಲ. ಅವನು ಕುಡಗೋಲು ಹಿಡಿದ, ಎಮ್ಮೆ ಕಾದ, ಅಪ್ಪ ಹೇಳಿದಲ್ಲಿಗೆ ಹೋದ, ಹೇಳದಿದ್ದರೆ ಕೂತ. ಮದುವೆಯ ಮಾತು ಬಂದಾಗ, ಉದ್ಯೋಗ ಇಲ್ಲದವಗೆ ಹೆಣ್ಣು ಯಾಕೆ ಎಂದ. ಆಗೆಲ್ಲ ನಾನು ಅಲ್ಲೇ ಇದ್ದೆ. ಮ್ಯಾಟ್ರಿಕ್ ಮುಗಿಸಿದೆ, ಹೊಲ ಹಿಡಿದೆ, ಲಗ್ನವಾದೆ. ನಾಳೆ ಹೇಳಿದರಾಯಿತು ಎಂದುಕೊಂಡೇ ಕೂದಲು ಬೆಳ್ಳಗಾಯಿತು. ಅಪ್ಪ ತಮ್ಮನನ್ನು ಕೆಲಸಕ್ಕೆ ಬಾರದವನೆಂದು ನಂಬಿಯೇ ತೀರಿಕೊಂಡ.

ಈಗ ನಮ್ಮ ಊರಿನಲ್ಲಿ ಓಣಿಗೊಂದು ಪಿಕಪ್ಪು ನಿಂತಿರುತ್ತದೆ. ಕೆಟ್ಟರೆ ಫೋನು ಮಾಡುತ್ತಾರೆ, ಯಾರೋ ಬಂದು ಸಾಮಾನು ಬದಲಿಸಿ ಹೋಗುತ್ತಾರೆ. ಬಂದೂಕಿನ ಗಾಡಿಗೆ ಹಣ್ಣು ಹೊರಲು ಕಲಿಸುವವರು ಇಲ್ಲ. ಕಾಲ ಬದಲಾಯಿತೆಂದು ಉಳಿದವರು ಹೇಳಬಹುದು. ನಾನು ಹಾಗೆ ಹೇಳುವಂತಿಲ್ಲ. ನಮ್ಮ ಮನೆಯಲ್ಲಿ ಅಂಥ ಒಬ್ಬನಿದ್ದ, ಅವನನ್ನು ಕಾಲ ಕಸಿದುಕೊಳ್ಳಲಿಲ್ಲ.

ಹೋದ ಚಳಿಗಾಲದಲ್ಲಿ ಕಾಕಾ ಹಾಸಿಗೆ ಹಿಡಿದ. ಹಾಲು ಕುಡಿಸುತ್ತ ಕೂತಿದ್ದಾಗ ಎಲ್ಲವನ್ನೂ ಹೇಳಿದೆ. ಚಿಮಣಿ ಎಣ್ಣೆ, ಪೂಜೆ, ಉಬ್ಬಿದ ರಬ್ಬರು, ನನ್ನ ಸುಳ್ಳು. ಹೇಳಿದರೆ ಎದೆ ಹಗುರಾಗುತ್ತದೆ, ಅವನು ನನ್ನ ತಲೆಯ ಮೇಲೆ ಕೈಯಿಡುತ್ತಾನೆ ಎಂದು ಒಳಗೊಳಗೆ ನಂಬಿದ್ದೆ. ಅವನು ಹಾಲಿನ ವಾಟಗವನ್ನು ದೂರ ಸರಿಸಿದ.

"ಅಂದ್ರ ಸೈಜ್ ಬರೋಬರಿ ಇತ್ತು," ಎಂದ.

"ಇತ್ತು ಕಾಕಾ."

ಗೋಡೆಯ ಕಡೆ ಹೊರಳಿದ. ನಿದ್ದೆ ಹತ್ತಿತೇನೋ ಎಂದುಕೊಂಡೆ.

"ನನಗ ಬರಂಗಿಲ್ಲ ಅಂತ ತಿಳಕೊಂಡ ಇಷ್ಟ ವರ್ಷ ಸುಮ್ಮ ಕುಂತೆ ಬಾಳ್ಯಾ," ಎಂದ. "ಬರತಿತ್ತು ಅಂತ ಈಗ ಹೇಳ್ತಿ. ಇನ್ನ ನಾ ಹೆಂಗ ಸುಮ್ಮ ಇರಲೋ?"