ನಾಲ್ಕನೇ ಸಾಲು

ನಮ್ಮ ಟಕಟಕಪ್ಪನ ಮುತ್ತಜ್ಜನನ್ನು ಊರೆಲ್ಲ ಗರಿಯಜ್ಜ ಎಂದು ಕರೆಯುತ್ತಿತ್ತು. ಹಕ್ಕಿಯ ಗರಿಯನ್ನು ಚೂಪಾಗಿ ಕೆತ್ತಿ, ಮಸಿಯಲ್ಲಿ ಅದ್ದಿ, ಕಚೇರಿಯ ಕಡತಗಳನ್ನು ನಕಲು ಮಾಡುವುದು ಅವನ ಕಸುಬು. ಒಂದು ವರ್ಷ ಕಚೇರಿಗೆ ಬೆಂಕಿ ಬಿದ್ದು ಅರ್ಧ ಊರಿನ ಮನೆಪತ್ರಗಳು ಬೂದಿಯಾದವು. ಗರಿಯಜ್ಜ ಕಣ್ಣು ಮುಚ್ಚಿ ಕೂತು, ತಾನು ಯಾವತ್ತೋ ನಕಲು ಮಾಡಿದ್ದನ್ನೆಲ್ಲ ನೆನಪಿನಿಂದ ಇಳಿಸಿಕೊಟ್ಟ. ಆಮೇಲೆ ಒಂದೇ ಒಂದು ಗೋಡೆಯ ತಕರಾರು ಏಳಲಿಲ್ಲ ಎಂದರೆ ಆ ತಲೆ ಎಂಥದಿರಬೇಕು!

ಗರಿಯಜ್ಜನ ಮಗ ಅರ್ಜಿಯಜ್ಜ. ಕಚೇರಿಯ ಮೆಟ್ಟಿಲ ಮೇಲೆ ಕೂತು ಬಡವರ ಅರ್ಜಿ ಬರೆಯುತ್ತಿದ್ದ. ಅವನ ಅರ್ಜಿ ಓದಿದರೆ ಕಲ್ಲಿನಂಥ ಸಾಹೇಬನೂ ಕನ್ನಡಕ ತೆಗೆದು ಒರೆಸಿಕೊಳ್ಳಬೇಕು. ಹೊಳೆಗೆ ಸೇತುವೆ ಬಂದದ್ದು ಅವನ ಹನ್ನೆರಡನೇ ಅರ್ಜಿಗೆ. ಹನ್ನೊಂದು ಕಸದ ಬುಟ್ಟಿಗೆ ಹೋದವು ಎಂದು ಅವನು ಮುಖ ಸಣ್ಣ ಮಾಡಲಿಲ್ಲ.

ಅವನ ಮಗ ಯಂತ್ರದಪ್ಪ. ಆ ಬೀದಿಗೆ ಮೊದಲ ಟೈಪ್‌ರೈಟರ್ ತಂದವನು. ಬಸ್ಸು ದಾರಿಯಲ್ಲಿ ಕೆಟ್ಟು ನಿಂತಾಗ ಹಸುಗೂಸನ್ನು ಹೊತ್ತ ಹಾಗೆ ಆ ಕಬ್ಬಿಣದ ಯಂತ್ರವನ್ನು ಎದೆಗವಚಿಕೊಂಡು ನಾಲ್ಕು ಮೈಲಿ ನಡೆದ. ಎಲ್ಲೂ ಕೆಳಗಿಡಲಿಲ್ಲ. ಇಟ್ಟರೆ ಅಕ್ಷರಗಳು ಅಲುಗಾಡುತ್ತವೆ ಎಂಬ ಭಯ.

ಇಂಥವರ ಹೊಟ್ಟೆಯಲ್ಲಿ ಹುಟ್ಟಿದವನು ಟಕಟಕಪ್ಪ. ಕಚೇರಿಯ ಜಗಲಿಯಲ್ಲಿ, ಎರಡನೇ ಕಂಬದ ಪಕ್ಕ, ಒಂದು ಕಾಲು ಗಿಡ್ಡವಾದ ಕುರ್ಚಿಯಲ್ಲಿ ಕೂತು ನಲವತ್ತೊಂಬತ್ತು ವರ್ಷ ಟೈಪು ಮಾಡಿದ. ಆ ಸದ್ದಿಗೇ ಈ ಹೆಸರು. ಕಾಗದ ನೋಡದೆ, ಕೀಲಿ ನೋಡದೆ, ಎದುರಿಗಿದ್ದವನ ಮುಖ ನೋಡುತ್ತಾ ಹೊಡೆಯುತ್ತಿದ್ದ. ಕಚೇರಿಗೆ ಕಂಪ್ಯೂಟರ್ ಬಂದು ಜಗಲಿ ಖಾಲಿಯಾದ ದಿನ ಯಂತ್ರವನ್ನು ಮನೆಗೆ ತಂದು ಕಿಟಕಿಯ ಮೇಜಿನ ಮೇಲಿಟ್ಟ. ಅಲ್ಲಿಂದ ಮುಂದೆ ಅದಕ್ಕೆ ವಾರಕ್ಕೆ ಒಂದೇ ಕೆಲಸ. ಸೋಮವಾರ ಬೆಳಿಗ್ಗೆ ಅಕ್ಕನಿಗೆ ಕಾಗದ.

ಅಕ್ಕ ಅವನಿಗಿಂತ ಎರಡು ವರ್ಷ ದೊಡ್ಡವಳು. ಮದುವೆಯಾಗಿ ದೂರದ ಊರಿಗೆ ಹೋಗಿ ಐವತ್ತೆರಡು ವರ್ಷ. ಅಷ್ಟೂ ವರ್ಷ ಇವನದು ಸೋಮವಾರದ ಕಾಗದ, ಅವಳದು ಶುಕ್ರವಾರ ತಲುಪುವ ಉತ್ತರ. ಕಾಗದದಲ್ಲಿ ಏನಿರುತ್ತಿತ್ತು ಎಂದು ಹೆಂಡತಿ ಇದ್ದಾಗ ಅವಳಿಗೂ ಗೊತ್ತಿರಲಿಲ್ಲ. ಮೇಜಿನ ಮುಂದೆ ಕೂತು ಮುದುಕ ಒಬ್ಬನೇ ಕಿಸಕ್ಕನೆ ನಗುವುದು ಮಾತ್ರ ಕೇಳಿಸುತ್ತಿತ್ತು.

ಒಂದು ಶುಕ್ರವಾರ ಬಂದ ಉತ್ತರ ಅಕ್ಕನ ಕೈಬರಹದಲ್ಲಿರಲಿಲ್ಲ. ಅಕ್ಕನ ಮಗಳು ಬರೆದಿದ್ದಳು. "ಮಾವಾ, ಅಮ್ಮನಿಗೆ ಕಾಗದದ ಅಕ್ಷರ ಈಗ ಇರುವೆ ಸಾಲಿನ ಹಾಗೆ ಕಾಣಿಸುತ್ತಂತೆ. ಕಿವಿ ಅಂತೂ ಮೊದಲೇ ಇಲ್ಲ, ಫೋನಲ್ಲಿ ಮಾತಾಡಿದರೆ ಕೇಳಿಸಲ್ಲ. ಆದರೆ ಮೊಬೈಲಿನಲ್ಲಿ ಬರೆದದ್ದನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಬದನೆಕಾಯಿ ಗಾತ್ರ ಮಾಡಿಕೊಂಡು ಓದುತ್ತಾಳೆ. ನೀವೂ ಅದರಲ್ಲೇ ಬರೀರಿ. ಆಗಲ್ಲ ಅಂದರೆ ಕಾಗದವನ್ನೇ ಹಾಕಿ, ನಾನು ಕಿವಿಯ ಹತ್ತಿರ ಕೂಗಿ ಓದಿ ಹೇಳ್ತೀನಿ."

ಟಕಟಕಪ್ಪ ಯಂತ್ರದ ಕಡೆ ನೋಡಿದ. ಅದಕ್ಕೆ ಗೊತ್ತಿರುವುದು ಒಂದೇ ಅಳತೆಯ ಅಕ್ಷರ. ಇನ್ನು ಕೂಗಿ ಓದುವುದೆಂದರೆ? ಅಳಿಯ, ಮೊಮ್ಮಕ್ಕಳು, ಗೋಡೆಯಾಚೆಯ ನೆರೆಯವರು, ಎಲ್ಲರ ಕಿವಿಯ ಮುಂದೆ ಅವನ ಮಾತು ಡಂಗುರ ಹೊಡೆಸಿಕೊಳ್ಳಬೇಕು. ಅದರಲ್ಲೂ ಒಂದು ಮಾತಿತ್ತು. ಐವತ್ತು ವರ್ಷದಿಂದ ಪ್ರತಿ ಸೋಮವಾರ ಬೆರಳ ತುದಿಗೆ ಬಂದು ಹಿಂದೆ ಹೋಗುತ್ತಿದ್ದ ಮಾತು. ಅಕ್ಕನಿಗೂ ಎಪ್ಪತ್ತನಾಲ್ಕು. ಈಗಲೂ ಹೇಳದಿದ್ದರೆ ಇನ್ನು ಯಾವತ್ತು?

ಆ ಮಾತಿನ ಬೇರು ಅಡುಗೆಮನೆಯ ಬೆಂಚಿನಲ್ಲಿದೆ. ಆಗ ಅವನಿಗೆ ಒಂಬತ್ತು, ಅಕ್ಕನಿಗೆ ಹನ್ನೊಂದು. ಅಪ್ಪ ಯಂತ್ರದ ಕೀಲಿಗಳ ಮೇಲೆ ಹಳೇ ತಲೆದಿಂಬಿನ ಚೀಲ ಹೊದಿಸಿ, ಅದರೊಳಗೆ ಕೈ ತೂರಿಸಿ ಹೊಡೆಯಲು ಕಲಿಸಿದ. ಎಂಟು ಬೆರಳೂ ನಡುಸಾಲಿನ ಮೇಲೆ ಸದಾ ಕೂತಿರಬೇಕು, ಕೋಳಿ ಮೊಟ್ಟೆಯ ಮೇಲೆ ಕೂತ ಹಾಗೆ. ಅಪ್ಪನ ಶಾಸನ ಒಂದೇ: "ಬಿದ್ದ ಅಕ್ಷರ ಬಿತ್ತು." ರಬ್ಬರ್ ಮನೆಯೊಳಗೇ ಇರಲಿಲ್ಲ. ಒಂದು ಅಕ್ಷರ ತಪ್ಪಿದರೂ ಕಾಗದ ಎಳೆದು ಬಿಸಾಕಿ ಮೊದಲಿಂದ ಶುರು ಮಾಡಬೇಕು.

ಅಪ್ಪ ಒಂದು ಪುಟ ಕೊಟ್ಟರೆ ಅಕ್ಕ ಅದನ್ನು ಮುಗಿಸಿ, ಎದ್ದು ಹೋಗಿ ನೀರು ಕುಡಿದು, ಬಾಯಿ ಒರೆಸಿಕೊಳ್ಳುತ್ತಾ ಬಂದು ತಮ್ಮನ ಪುಟದ ಮೇಲೆ ಬಗ್ಗುತ್ತಿದ್ದಳು. "ಏನೋ, ಇನ್ನೂ ನಾಲ್ಕನೇ ಸಾಲಲ್ಲೇ ಇದ್ದೀಯಾ?" ಅವಳ ಬೆರಳು ನೀರಿನ ಮೇಲೆ ಓಡುವ ಹುಳದ ಹಾಗೆ. ತೂಕವೇ ಇಲ್ಲ, ಆದರೂ ಪ್ರತಿ ಅಕ್ಷರವೂ ಮುದ್ರೆ ಒತ್ತಿದಂತೆ.

ಅಪ್ಪನ ಬೆರಳು ಗಂಟು ಕಟ್ಟಿ ಮಡಚಲಾಗದೆ ಹೋದ ವರ್ಷ ಜಗಲಿಯ ಕುರ್ಚಿ ಖಾಲಿಯಾಯಿತು. ಅಕ್ಕನಿಗೆ ಇಪ್ಪತ್ತೊಂದು. ಅವಳೇ ಕೂರುತ್ತಾಳೆ ಎಂದು ಇವನಂದುಕೊಂಡಿದ್ದ, ಅವಳೂ ಅಂದುಕೊಂಡಿದ್ದಳು. ಅಪ್ಪ ಊಟ ಮಾಡುತ್ತಾ ಹೇಳಿದ, "ಹೆಣ್ಣುಮಗಳು ಜಗಲೀಲಿ ಕೂತರೆ ನೋಡಿದವರು ಏನಂದಾರು? ನಾಳೆಯಿಂದ ಇವನು ಹೋಗ್ಲಿ." ಅಕ್ಕ ಬೆಳಿಗ್ಗೆ ಯಂತ್ರಕ್ಕೆ ಎಣ್ಣೆ ಹಾಕಿ, ಹೊಸ ರಿಬ್ಬನ್ ಸುತ್ತಿ, ಬಟ್ಟೆಯಲ್ಲಿ ಒರೆಸಿ, ತಮ್ಮನ ತೋಳಿಗೆ ಕೊಟ್ಟಳು. ಅವಳ ಹೆಬ್ಬೆರಳಲ್ಲಿ ರಿಬ್ಬನ್ನಿನ ಮಸಿ ಅಂಟಿತ್ತು. ಮುಂದಿನ ವರ್ಷ ಮದುವೆಯಾಗಿ ಹೊರಟಾಗಲೂ ಅದು ಅಲ್ಲೇ ಇದೆ ಎಂದು ಇವನಿಗೆ ಕಂಡಿತ್ತು. ಆ ಸೋಮವಾರವೇ ಮೊದಲ ಕಾಗದ ಹಾಕಿದ. ಹೇಳಬೇಕಾದದ್ದು ಬಿಟ್ಟು ಊರಿನದೆಲ್ಲ ಬರೆದ.

ಈಗ ಸೊಸೆ, ಮಗನ ಹೆಂಡತಿ, ಮೊಬೈಲು ತಂದಳು. ಸೊಸೆ ಆಸ್ಪತ್ರೆಯಲ್ಲಿ ನರ್ಸು. ರೋಗಿಗಳನ್ನು ಗದರಿಸಿ ಗದರಿಸಿ ಬಾಯಿ ಚುರುಕಾಗಿತ್ತು, ಕೈ ಮಾತ್ರ ಮೆತ್ತಗೆ.

"ತಗೊಳ್ಳಿ ಮಾವಾ. ಮುಟ್ಟಿದರೆ ಸಾಕು, ಒತ್ತಬೇಡಿ."

ಟಕಟಕಪ್ಪ ಬೆನ್ನು ನೆಟ್ಟಗೆ ಮಾಡಿ ಕೂತ. ಮೊಬೈಲನ್ನು ಮೇಜಿನ ಮೇಲೆ ಯಂತ್ರದ ಜಾಗದಲ್ಲಿಟ್ಟ. ಎಂಟು ಬೆರಳನ್ನೂ ಗಾಜಿನ ಮೇಲೆ ಕೂರಿಸಿದ. ತಕ್ಷಣ ಒಳಗೆ ಗದ್ದಲವೆದ್ದಿತು. ಒಂದು ಹಾಡು ಶುರುವಾಯಿತು, ಅವನದೇ ಮೂಗಿನ ಹೊಳ್ಳೆ ಪರದೆಯ ತುಂಬ ಕಂಡಿತು, ಎಲ್ಲೋ ಇದ್ದ ಹಾಲಿನವನು "ಹಲೋ, ಹಲೋ, ಯಾರು?" ಎಂದ.

"ಅಯ್ಯೋ, ಎಂಟೂ ಬೆರಳು ಯಾಕೆ ಇಟ್ರಿ!"

"ಬೆರಳು ಕೂರೋದಕ್ಕೆ ಜಾಗವೇ ಇಲ್ಲದ್ದು ಎಂಥ ಯಂತ್ರ ಇದು?"

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಒಂದೇ ಬೆರಳು ಮಾವಾ, ಒಂದೇ!"

ಒಂದು ಬೆರಳಲ್ಲಿ ಹೊಡೆಯುವವರನ್ನು ಜಗಲಿಯಲ್ಲಿ 'ಕೋಳಿ ಕೆದಕೋರು' ಎಂದು ಆಡಿಕೊಳ್ಳುತ್ತಿದ್ದವನು ಅವನೇ. ಈಗ ಮುದಿ ವಯಸ್ಸಿನಲ್ಲಿ ತಾನೇ ಕೆದಕಲು ಕೂತ. ಹೊಸ ಅಗಸ ಗೋಣಿಯನ್ನು ಎತ್ತಿ ಎತ್ತಿ ಒಗೆದ ಹಾಗೆ ಒಂದೊಂದು ಅಕ್ಷರಕ್ಕೂ ಕುಟ್ಟಿದ. ನಲವತ್ತೊಂಬತ್ತು ವರ್ಷ ಕಬ್ಬಿಣ ಹೊಡೆದು ಬೆರಳ ತುದಿ ಚಪ್ಪಲಿಯ ಅಟ್ಟೆಯಂತಾಗಿತ್ತು. ಒಮ್ಮೊಮ್ಮೆ ಗಾಜಿಗೆ ಅದು ಬೆರಳು ಎಂಬುದೇ ತಿಳಿಯುತ್ತಿರಲಿಲ್ಲ. ಸೊಸೆ ಬೆಚ್ಚಗಿನ ನೀರಲ್ಲಿ ಬೆರಳು ನೆನೆಸಲು ಹೇಳಿದಳು. ನೆನೆಸಿದ. ಸದ್ದೇ ಇಲ್ಲದ ಅಕ್ಷರ ನಿಜವಾಗಿ ಬಿತ್ತೋ ಇಲ್ಲವೋ ನಂಬಲಾಗದೆ ಬಾಯಲ್ಲೇ ಮೆತ್ತಗೆ "ಟಕ್" ಎಂದುಕೊಂಡ. ಇವನು 'ಅಕ್ಕ' ಎಂದು ಬರೆದರೆ ಮುಂದಿನ ಮಾತು ಏನೆಂದು ಮೊಬೈಲೇ ಮೂರು ಮಾತು ತೋರಿಸುತ್ತಿತ್ತು. "ಅರ್ಜಿ ಬರೆಸೋಕೆ ಬಂದವರೂ ನನ್ನ ಬಾಯಿಗೆ ಮಾತು ತುರುಕಲಿಲ್ಲ, ಇದಕ್ಕೆಷ್ಟು ಸೊಕ್ಕು!" ಎಂದು ಬೈದ.

ಮೂರು ದಿನ ಹೀಗೆ ಕಳೆದು ಸೋಮವಾರ ಬಂತು. ಸೊಸೆ ಆಸ್ಪತ್ರೆಗೆ, ಮಗ ತನ್ನ ಕೆಲಸಕ್ಕೆ ಹೊರಟರು. ಹೊರಡುವ ಮುಂಚೆ ಸೊಸೆ ಅಕ್ಕನ ಹೆಸರಿನ ಪುಟ ತೆರೆದಿಟ್ಟು, "ಇಲ್ಲಿ ಬರೀರಿ, ಮಧ್ಯಾಹ್ನ ಬಂದು ನೋಡ್ತೀನಿ" ಎಂದಿದ್ದಳು.

ಟಕಟಕಪ್ಪ ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು, ಕಿಟಕಿಯ ಮುಂದೆ ಕೂತ. "ಪ್ರೀತಿಯ ಅಕ್ಕನಿಗೆ, ಇಲ್ಲಿ ಎಲ್ಲ ಕ್ಷೇಮ." ಐವತ್ತೆರಡು ವರ್ಷದ ಮೊದಲ ಸಾಲು. ಸಾಲಿನ ತುದಿಗೆ ಬಂದಾಗ ಎಡಗೈ ತಾನಾಗಿ ಎದ್ದು, ರೋಲರನ್ನು ಹಿಂದಕ್ಕೆ ತಳ್ಳುವ ಹಿಡಿಗಾಗಿ ಗಾಳಿಯಲ್ಲಿ ತಡಕಾಡಿತು. ಹಿಡಿ ಎಲ್ಲಿದೆ? ಮೂಲೆಯಲ್ಲಿ ಒಂದು ಬಾಣದ ಗುರುತು ಕಂಡಿತು. ಇದೇ ಇರಬೇಕು ಎಂದು ಮುಟ್ಟಿದ. ಸಾಲು ಸರಕ್ಕನೆ ಮೇಲಕ್ಕೆ ಸರಿದು ಕೆಳಗೆ ಖಾಲಿ ಜಾಗ ಬಂತು, ಥೇಟು ರೋಲರಿನಲ್ಲಿ ಕಾಗದ ಏರಿದ ಹಾಗೆ. ಅವನ ಮುಖ ಅರಳಿತು. ಎಲ್ಲ ಬರೆದಾದ ಮೇಲೆ ಇದನ್ನು ಲಕೋಟೆಗೆ ಹಾಕುವುದು ಹೇಗೆಂದು ಸೊಸೆಯನ್ನು ಕೇಳಿದರಾಯಿತು.

ಎರಡನೇ ಸಾಲಿನಲ್ಲಿ ಬೆರಳು ಜಾರಿ ಪಕ್ಕದ ಅಕ್ಷರ ಬಿತ್ತು. ಬಿದ್ದ ಅಕ್ಷರ ಬಿತ್ತು! ಕಾಗದ ಎಳೆಯಲು ಇಲ್ಲಿ ಕಾಗದವಿಲ್ಲ. ತಪ್ಪು ಸಾಲನ್ನೂ ಬಾಣ ಮುಟ್ಟಿ ಮೇಲಕ್ಕೆ ದೂಡಿ, ಹೊಸ ಹಾಳೆ ಹಾಕಿದೆ ಎಂದುಕೊಂಡು ಮೊದಲಿಂದ ಶುರು ಮಾಡಿದ. "ಪ್ರೀತಿಯ ಅಕ್ಕನಿಗೆ, ಇಲ್ಲಿ ಎಲ್ಲ ಕ್ಷೇಮ." ಮತ್ತೆ ತಪ್ಪಿತು. ಮತ್ತೆ ಮೊದಲಿಂದ. ಅಂಗಿಯ ಬೆನ್ನು ಒದ್ದೆಯಾಯಿತು. ಛಲ ಬಿಡುವ ವಂಶವಲ್ಲ. ಹನ್ನೆರಡನೇ ಅರ್ಜಿಗೆ ಸೇತುವೆ ತಂದವರ ಮೊಮ್ಮಗ.

ಮಧ್ಯಾಹ್ನ ಸೊಸೆ ಬಾಗಿಲು ದಬ್ಬಿಕೊಂಡು ಓಡಿಬಂದಳು. ಅಕ್ಕನ ಮಗಳು ಆಸ್ಪತ್ರೆಗೇ ಫೋನು ಮಾಡಿ ಗಾಬರಿ ಹುಟ್ಟಿಸಿದ್ದಳು. ಚಪ್ಪಲಿಯನ್ನೂ ಬಿಟ್ಟಿರಲಿಲ್ಲ.

"ಮಾವಾ! ಏನಾಯ್ತು? ಹುಷಾರಾಗಿದ್ದೀರಾ?" ಎಂದು ಮಣಿಕಟ್ಟು ಹಿಡಿದು ನಾಡಿ ನೋಡತೊಡಗಿದಳು.

"ನನಗೇನಾಗಿದೆ ಧಾಡಿ? ಲಕೋಟೆ ಎಲ್ಲಿದೆ ಹೇಳು."

ಅಷ್ಟರಲ್ಲಿ ಅವಳ ಫೋನು ಮತ್ತೆ ಬಡಿದುಕೊಂಡಿತು. ಅಕ್ಕನ ಮಗಳು. ಅಳುತ್ತಲೇ ಕೇಳಿದಳು, "ಮಾವ ಹೇಗಿದ್ದಾರೆ, ನಿಜ ಹೇಳಿ! ಬೆಳಿಗ್ಗೆಯಿಂದ ಇಪ್ಪತ್ತೆರಡು ಸಲ 'ಇಲ್ಲಿ ಎಲ್ಲ ಕ್ಷೇಮ' ಅಂತ ಬಂದಿದೆ. ಒಂದು ಸಲ ಕ್ಷೇಮ ಅಂದರೆ ಕ್ಷೇಮ, ಇಪ್ಪತ್ತೆರಡು ಸಲ ಅಂದರೆ ಮನೇಲಿ ಏನೋ ಆಗಬಾರದ್ದು ಆಗಿದೆ ಅಂತ ಅಮ್ಮ ಊಟಾನೂ ಮಾಡ್ದೆ ಕೂತಿದ್ದಾಳೆ!"

ಸೊಸೆ ಮೊಬೈಲು ತೆಗೆದು ನೋಡಿದಳು. "ಸಾಲು ಏರಿಸೋಕೆ ಈ ಹಿಡಿ ಮುಟ್ಟಿದೆ" ಎಂದು ಅವನು ಬಾಣ ತೋರಿಸಿದ. ಮೊದಲು ಮುಖ ಬಿಗಿಹಿಡಿದಳು. ಆಮೇಲೆ ತಡೆಯಲಾಗದೆ ನೆಲಕ್ಕೆ ಕುಸಿದು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇದು ಹಿಡಿಯಲ್ಲ ಮಾವಾ, ಅಂಚೆಪೆಟ್ಟಿಗೆ! ಮುಟ್ಟಿದ್ದೆಲ್ಲ ಹೋಗಿ ಬಿದ್ದಿದೆ!" ಎಂದವಳು ಅಕ್ಕನ ಮಗಳಿಗೂ ಅದನ್ನೇ ಹೇಳಿ ಫೋನಿಟ್ಟಳು.

ಟಕಟಕಪ್ಪ ನಗಲಿಲ್ಲ. ಎದ್ದು ಹೋಗಿ ಹಳೇ ಯಂತ್ರದ ಹೊದಿಕೆ ಸರಿ ಮಾಡಿದ. ಮೂರು ತಲೆಮಾರಿನವರು ಕಳಿಸಿದ ಒಂದು ಹಾಳೆಯಲ್ಲೂ ತಪ್ಪಿರಲಿಲ್ಲ. ತಾನು ಒಂದೇ ಬೆಳಗಿನಲ್ಲಿ ಇಪ್ಪತ್ತೆರಡು ಹರಕು ಹಾಳೆ ಅಕ್ಕನ ಬಾಗಿಲಿಗೆ ಎಸೆದಿದ್ದ. "ಸಾಕು. ಇನ್ನು ಕಾಗದವನ್ನೇ ಹಾಕ್ತೀನಿ. ಕೂಗಿ ಓದಲಿ ಬಿಡು" ಎಂದ. ಹಾಗಾದರೆ ಆ ಮಾತು ತನ್ನ ಜೊತೆಗೇ ಹೋಗುತ್ತದೆ.

ಮೇಜಿನ ಮೇಲೆ ಮೊಬೈಲು ಟಿಣ್ ಎಂದಿತು. ಸೊಸೆ ನೋಡಿ ಅವನ ಕೈಗಿಟ್ಟಳು. ಅಕ್ಕನೇ ಬರೆದಿದ್ದಳು.

"ಏನೋ, ಇನ್ನೂ ನಾಲ್ಕನೇ ಸಾಲಲ್ಲೇ ಇದ್ದೀಯಾ?"

ಓದಿ ಮುಗಿಸುವ ಮೊದಲೇ ಇನ್ನೊಂದು ಬಂತು. ಅದರ ಹಿಂದೆಯೇ ಮತ್ತೊಂದು. "ಕ್ಷೇಮ ಗೊತ್ತಾಯ್ತು ಮಾರಾಯ, ಮುಂದಕ್ಕೆ ಹೋಗು." "ಬಲಗಡೆ ಒಂದು ಗುರುತಿದೆ, ಮುಟ್ಟಿದರೆ ತಪ್ಪಿದ್ದು ಅಳಿಸಿಹೋಗುತ್ತೆ. ಅಳಿಸು, ಪರವಾಗಿಲ್ಲ. ಬೈಯೋಕೆ ಅಪ್ಪ ಇಲ್ಲ."

ಕಣ್ಣು ಅರ್ಧ ಹೋದವಳು, ಒಂದು ಅಕ್ಷರವೂ ತಪ್ಪಿಲ್ಲ! ಪರದೆಯ ಮೇಲೆ ಸಾಲುಗಳು ಒಂದರ ಹಿಂದೊಂದು ಚಿಮ್ಮಿ ಬರುತ್ತಿದ್ದವು. ಟಕಟಕಪ್ಪನಿಗೆ ಅಡುಗೆಮನೆಯ ಬೆಂಚು, ಹಳೇ ತಲೆದಿಂಬಿನ ಚೀಲ, ಅದರೊಳಗೆ ಓಡುವ ಹನ್ನೊಂದು ವರ್ಷದ ಬೆರಳುಗಳು ಕಂಡವು. ಐವತ್ತು ವರ್ಷ ಯಂತ್ರ ಮುಟ್ಟದೆ ಕೂತವಳು ಮೊಬೈಲು ಕೈಗೆ ಸಿಕ್ಕಿದ್ದೇ ತಡ ಮತ್ತೆ ಅವನನ್ನು ಹಿಂದೆ ಹಾಕಿದ್ದಳು. ಅವನು ಜೋರಾಗಿ ನಕ್ಕ. ನಗುತ್ತಲೇ ಅಂಗಿಯ ತೋಳಲ್ಲಿ ಕಣ್ಣೊರೆಸಿಕೊಂಡ.

ಮತ್ತೆ ಕಿಟಕಿಯ ಮುಂದೆ ಕೂತ. ಒಂದೇ ಬೆರಳು. ಬಾಣದ ತಂಟೆಗೆ ಹೋಗದೆ, ಕ್ಷೇಮ ಬಿಟ್ಟು, ನೇರವಾಗಿ ಶುರು ಮಾಡಿದ. "ಅಕ್ಕಾ, ಜಗಲಿಯ ಕುರ್ಚಿ ನಿನ್ನದಾಗಿತ್ತು." ಒಂದು ಅಕ್ಷರ ತಪ್ಪಿತು. ಕೈ ನಿಂತಿತು. ಬಾಗಿಲ ಕಡೆ ಒಮ್ಮೆ ನೋಡಿದ, ಅಪ್ಪ ಬಂದಾನೇನೋ ಎಂಬಂತೆ. ಆಮೇಲೆ ಬಲಗಡೆಯ ಗುರುತನ್ನು ಮೆತ್ತಗೆ ಮುಟ್ಟಿದ. ಅಕ್ಷರ ಅಳಿಸಿಹೋಯಿತು. ಏನೂ ಆಗಲಿಲ್ಲ. ಸರಿಯಾದದ್ದನ್ನು ಹಾಕಿ ಮುಂದಕ್ಕೆ ಹೋದ.

ಗಂಟೆ ಕಳೆಯಿತು. ಸೊಸೆ ಊಟ ಮುಗಿಸಿ, ಪಾತ್ರೆ ತೊಳೆದು, ಕೈ ಒರೆಸಿಕೊಳ್ಳುತ್ತಾ ಬಂದಳು. ಮುದುಕನ ಬೆನ್ನು ಬಾಗಿತ್ತು, ನಾಲಿಗೆ ತುಟಿಯ ಮೂಲೆಯಲ್ಲಿತ್ತು. ಅವಳಿಗೆ ಅಯ್ಯೋ ಎನಿಸಿತು.

"ಯಾಕೆ ಮಾವಾ ಇಷ್ಟು ಒದ್ದಾಟ? ಈ ಮೈಕಿನ ಗುರುತು ಮುಟ್ಟಿ ಬಾಯಲ್ಲಿ ಹೇಳಿದ್ರೆ ಅದೇ ಬರಕೊಳ್ಳುತ್ತೆ. ಇಲ್ಲ, ನನಗೆ ಹೇಳಿ, ಎರಡು ನಿಮಿಷದಲ್ಲಿ ಹಾಕಿಕೊಡ್ತೀನಿ."

ಅವನು ಪರದೆಯ ಮೇಲೆ ಅಂಗೈ ಅಡ್ಡ ಹಿಡಿದ.

"ಬೇಡಮ್ಮ. ಇಷ್ಟು ವರ್ಷ ಊರವರ ಮಾತನ್ನೆಲ್ಲ ನಾನೇ ಬರೆದುಕೊಟ್ಟೆ. ಇದೊಂದು ನನ್ನ ಮಾತು. ಇದನ್ನ ಇನ್ನೊಬ್ಬರ ಕೈಯಲ್ಲಿ ಬರೆಸಿದ್ರೆ ಅಕ್ಕನಿಗೆ ತಲುಪಲ್ಲ. ನೀನು ಹೋಗಿ ಮಲಕ್ಕೋ. ನಾನಿನ್ನೂ ನಾಲ್ಕನೇ ಸಾಲಲ್ಲಿದ್ದೀನಿ, ಅವಳು ನೀರು ಕುಡಿದು ಬಂದು ಕಾಯ್ತಾ ಇರ್ತಾಳೆ."